ಅಮೆರಿಕದ ಪ್ರೇರಿ ಹುಲ್ಲುಗಾವಲು ಉಳಿದಿದ್ದರಲ್ಲಿ ಕಲಾವಿದರ ಪಾಲೆಷ್ಟು?

ಹುಲ್ಲುಹಾದಿ (ನೇಪರ್‌ವಿಲ್, ಇಲಿನಾಯ್)

ಎಲ್ಲರಿಗೂ ನಮಸ್ಕಾರ. ಇಲಿನಾಯ್‌ಗೆ ‘ಪ್ರೇರಿ ಸ್ಟೇಟ್’ ಅಂತ ಅಡ್ಡಹೆಸರಿದೆ. ಆದರೆ ಇಲ್ಲಿ ವರ್ಷಗಟ್ಟಲೆ ಬದುಕಿದ ನಮ್ಮವರಲ್ಲೂ ನಿಜವಾದ ಪ್ರೇರಿ ನೋಡಿದವರು ಕಡಿಮೆ. ನೋಡಲು ಉಳಿದಿರುವುದೇ ಅಷ್ಟು ಸ್ವಲ್ಪ. 1820ರ ಸುಮಾರಿಗೆ ಈ ರಾಜ್ಯದಲ್ಲಿ 2.2 ಕೋಟಿ ಎಕರೆ ಪ್ರೇರಿ ಇತ್ತು. 1837ರಲ್ಲಿ ಇದೇ ರಾಜ್ಯದ ಗ್ರ್ಯಾಂಡ್ ಡಿಟೂರ್ ಎಂಬ ಊರಿನಲ್ಲಿ ಕಮ್ಮಾರ ಜಾನ್ ಡಿಯರ್ ಉಕ್ಕಿನ ನೇಗಿಲು ಮಾಡಿದ. ಎರಕದ ಕಬ್ಬಿಣಕ್ಕೆ ಮೆತ್ತಿಕೊಳ್ಳುತ್ತಿದ್ದ ಕಪ್ಪು ಮಣ್ಣು ಉಕ್ಕಿಗೆ ಮೆತ್ತಿಕೊಳ್ಳಲಿಲ್ಲ. ಕೆಲವೇ ತಲೆಮಾರಿನಲ್ಲಿ ಬಯಲೆಲ್ಲ ಹೊಲವಾಯಿತು. 1970ರ ದಶಕದಲ್ಲಿ ರಾಜ್ಯವನ್ನೆಲ್ಲ ಜಾಲಾಡಿ ಪಟ್ಟಿ ಮಾಡಿದಾಗ ಒಳ್ಳೆಯ ಸ್ಥಿತಿಯಲ್ಲಿದ್ದ ಮೂಲ ಪ್ರೇರಿ ಸಿಕ್ಕಿದ್ದು ಸುಮಾರು 2,300 ಎಕರೆ. ಹತ್ತು ಸಾವಿರಕ್ಕೆ ಒಂದು ಪಾಲು.

ಇಷ್ಟಾದರೂ ಉಳಿದಿದ್ದರಲ್ಲಿ ಕಲಾವಿದರ ಪಾಲೆಷ್ಟು ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪ್ರಶ್ನೆ. 1871ರಲ್ಲಿ ಹೇಡನ್ ಎಂಬವರ ಸರ್ಕಾರಿ ಭೂಸಮೀಕ್ಷೆ ತಂಡದ ಜತೆ ಥಾಮಸ್ ಮೊರಾನ್ ಎಂಬ ಚಿತ್ರಕಾರ, ವಿಲಿಯಂ ಹೆನ್ರಿ ಜ್ಯಾಕ್ಸನ್ ಎಂಬ ಛಾಯಾಗ್ರಾಹಕ ಪಶ್ಚಿಮದ ಬೆಟ್ಟಗಾಡಾದ ಯೆಲ್ಲೋಸ್ಟೋನ್‌ಗೆ ಹೋದರು. ಅವರ ಜಲವರ್ಣಗಳು, ಫೋಟೋಗಳು ವಾಷಿಂಗ್ಟನ್ನಿನಲ್ಲಿ ಸಂಸದರ ಕಣ್ಣಿಗೆ ಬಿದ್ದವು. 1872ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. ಎತ್ತರದ ಹುಲ್ಲಿನ ಪ್ರೇರಿಗೆ ಅಂಥ ಮಾನ್ಯತೆ ಸಿಕ್ಕಿದ್ದು 1996ರಲ್ಲಿ, ಕ್ಯಾನ್ಸಸ್‌ನಲ್ಲಿ. 124 ವರ್ಷ ತಡವಾಗಿ!

ಬೆಟ್ಟ, ಕಣಿವೆ, ಜಲಪಾತ ಇದ್ದರೆ ಚಿತ್ರ ಅರ್ಧ ಅಲ್ಲೇ ಸಿದ್ಧವಾಗಿರುತ್ತದೆ. ಪ್ರೇರಿಯಲ್ಲಿ ಕೆಳಗೆ ಹುಲ್ಲು, ಮೇಲೆ ಆಕಾಶ, ಕಣ್ಣು ನಿಲ್ಲಲು ಒಂದು ಮರವೂ ಇಲ್ಲ. ಅದನ್ನು ನೋಡುವ ಬಗೆಯನ್ನು ಯಾರಾದರೂ ಕಲಿಸಬೇಕಿತ್ತು. ಕ್ಯಾನ್ಸಸ್‌ನ ಛಾಯಾಗ್ರಾಹಕಿ ಟೆರಿ ಎವನ್ಸ್ 1978ರ ಸುಮಾರಿಗೆ ಪ್ರೇರಿಯ ಫೋಟೋ ತೆಗೆಯಲು ಶುರು ಮಾಡಿದಾಗ ದಿಗಂತದ ಕಡೆ ಕ್ಯಾಮೆರಾ ತಿರುಗಿಸಲಿಲ್ಲ, ಕಾಲ ಬುಡಕ್ಕೆ ತಿರುಗಿಸಿದರು. ಒಂದು ಗೇಣು ನೆಲದಲ್ಲಿ ಹತ್ತಾರು ಬಗೆಯ ಎಲೆ, ಕಾಂಡ, ಒಣಗಿದ ತೆನೆ, ಹೂವು. ಆಮೇಲೆ ವಿಮಾನದಿಂದಲೂ ತೆಗೆದರು. ತೀರ ಹತ್ತಿರ, ಇಲ್ಲವೇ ತೀರ ಮೇಲೆ. ಆ ಚಿತ್ರಗಳ ಮುಂದೆ ನಿಂತವರು ಪ್ರೇರಿಯನ್ನು ಮತ್ತೆ ‘ಖಾಲಿ ಜಾಗ’ ಅನ್ನಲಾರರು. ಕಲಾವಿದರಿಲ್ಲದಿದ್ದರೆ ಈ 2,300 ಎಕರೆಯೂ ಉಳಿಯುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ನಿಮಗೇನನ್ನಿಸುತ್ತದೆ?

ಸುಣ್ಣಕಲ್ಲು (ಮ್ಯಾನ್ಹಾಟನ್, ಕ್ಯಾನ್ಸಸ್)

ಹುಲ್ಲುಹಾದಿ ಅವರೇ, ವಿಷಯ ಎತ್ತಿದ್ದಕ್ಕೆ ತುಂಬ ಸಂತೋಷ. ಆದರೆ ಕೊನೆಯ ಮಾತನ್ನು ನಾನು ಒಪ್ಪಲಾರೆ. ಎತ್ತರದ ಹುಲ್ಲಿನ ಪ್ರೇರಿ ಒಟ್ಟು ಸುಮಾರು 17 ಕೋಟಿ ಎಕರೆ ಇತ್ತು, ಈಗ ಉಳಿದಿರುವುದು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಅದರಲ್ಲಿ ದೊಡ್ಡ ಪಾಲು ಇರುವುದು ಕ್ಯಾನ್ಸಸ್ ಗುಡ್ಡಸೀಮೆಯಾದ ನಮ್ಮ ಫ್ಲಿಂಟ್ ಹಿಲ್ಸ್‌ನಲ್ಲಿ. ಇಲ್ಲಿ ಅದನ್ನು ಉಳಿಸಿದ್ದು ಕಲ್ಲು. ಗೇಣುದ್ದ ಮಣ್ಣಿನ ಕೆಳಗೆ ಸುಣ್ಣಕಲ್ಲು, ಬೆಣಚುಕಲ್ಲು. ನೇಗಿಲು ಇಳಿಯಲಿಲ್ಲ, ಹಾಗಾಗಿ ದನ ಮೇಯಿಸಿದರು. ವಸಂತದಲ್ಲಿ ಹುಲ್ಲಿಗೆ ಬೆಂಕಿ ಹಾಕಿ, ಹೊಸ ಚಿಗುರಿಗೆ ದನ ಬಿಡುವ ರ‍್ಯಾಂಚ್ ಕುಟುಂಬಗಳು ತಲೆಮಾರುಗಳಿಂದ ಈ ನೆಲ ನೋಡಿಕೊಂಡಿವೆ. ಅವರಿಗಿಂತ ಮುಂಚೆ ಇಲ್ಲಿನ ಮೂಲನಿವಾಸಿಗಳಾದ ಕಾನ್ಸಾ, ಓಸೇಜ್ ಜನ ಬೆಂಕಿ ಹಾಕುತ್ತಿದ್ದರು.

ಇನ್ನೊಂದು ವಿಷಯ. 1961ರ ಡಿಸೆಂಬರಿನಲ್ಲಿ, ರಾಷ್ಟ್ರೀಯ ಉದ್ಯಾನಗಳ ಹೊಣೆ ಹೊತ್ತ ಒಳಾಡಳಿತ ಸಚಿವ ಸ್ಟೂವರ್ಟ್ ಉಡಾಲ್ ಪ್ರೇರಿ ರಾಷ್ಟ್ರೀಯ ಉದ್ಯಾನಕ್ಕೆ ಜಾಗ ನೋಡಲು ಇದೇ ಪೊಟಾವಟಮಿ ಕೌಂಟಿಯಲ್ಲಿ ಹೆಲಿಕಾಪ್ಟರಿನಿಂದ ಇಳಿದಾಗ, ಅಲ್ಲಿ ದನ ಮೇಯಿಸುತ್ತಿದ್ದ ರೈತರೊಬ್ಬರು ಎದುರಿಗೇ ನಿಂತು ಜಾಗ ಬಿಟ್ಟು ಹೋಗಿ ಅಂದರು. ಆ ಯೋಜನೆ ಕೈಗೂಡಲಿಲ್ಲ. ಕೊನೆಗೆ 1996ರಲ್ಲಿ ಚೇಸ್ ಕೌಂಟಿಯಲ್ಲಿ ಸುಮಾರು 10,900 ಎಕರೆಯ ಸಂರಕ್ಷಿತ ತಾಣವಾಯಿತಲ್ಲ, ಅದರಲ್ಲೂ ಕೇಂದ್ರ ಸರ್ಕಾರದ ಒಡೆತನ 180 ಎಕರೆ ಮೀರಬಾರದು ಎಂಬ ಷರತ್ತು ಇತ್ತು. ಇಷ್ಟು ಹಗ್ಗಜಗ್ಗಾಟ ನಡೆದಿದ್ದು ನೆಲದ ಒಡೆತನದ ಮೇಲೆ, ಚಿತ್ರದ ಮೇಲಲ್ಲ.

ಹುಲ್ಲುಹಾದಿ (ನೇಪರ್‌ವಿಲ್, ಇಲಿನಾಯ್)

ಸುಣ್ಣಕಲ್ಲು ಅವರೇ, ಫ್ಲಿಂಟ್ ಹಿಲ್ಸ್ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ನಿಜ. ಇಲಿನಾಯ್‌ನಲ್ಲಿ ಆ ಕಲ್ಲು ಇರಲಿಲ್ಲ, ಆಳವಾದ ಕಪ್ಪು ಮಣ್ಣು ಇತ್ತು. ಇಲ್ಲಿ ಪ್ರೇರಿ ಉಳಿದಿದ್ದು ರೈಲು ಹಳಿಯ ಪಕ್ಕದಲ್ಲಿ, ಹಳೆಯ ಸ್ಮಶಾನಗಳಲ್ಲಿ. ಹೂತ ಜಾಗವನ್ನು ಯಾರೂ ಉಳುವುದಿಲ್ಲವಲ್ಲ. ನಮ್ಮ ನೇಪರ್‌ವಿಲ್ ಪಕ್ಕದ ವರ್ಮಾಂಟ್ ಸ್ಮಶಾನದ ಪ್ರೇರಿ ಒಂದೇ ಎಕರೆ, ಸುತ್ತ ಬೇಲಿ. ಅಂಥ ತುಣುಕುಗಳನ್ನು ಹುಡುಕಿ ಹುಡುಕಿ ಉಳಿಸಬೇಕೆನ್ನುವ ಹಂಬಲ ಜನರಲ್ಲಿ ಎಲ್ಲಿಂದ ಬಂತು, ಅದು ನನ್ನ ಪ್ರಶ್ನೆ.

ಬೇರುಮಟ್ಟ (ಲಿಂಕನ್, ನೆಬ್ರಾಸ್ಕ)

ನಾನು ಸಸ್ಯಶಾಸ್ತ್ರ ಓದುವವಳು. ನೀವಿಬ್ಬರೂ ನೆಲದ ಮೇಲಿನದನ್ನೇ ಮಾತಾಡುತ್ತಿದ್ದೀರಿ. ಪ್ರೇರಿಯ ಬಹುಪಾಲು ಇರುವುದು ಕೆಳಗೆ.

ನಮ್ಮ ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಜಾನ್ ವೀವರ್ ಎಂಬ ಪರಿಸರ ವಿಜ್ಞಾನಿ ಇದ್ದರು. ಅವರು, ಅವರ ವಿದ್ಯಾರ್ಥಿಗಳು ಆಳುದ್ದದ ಕಂದಕ ತೋಡಿ, ಅದರ ಗೋಡೆಯಿಂದ ಸಣ್ಣ ಸಲಕರಣೆಗಳಲ್ಲಿ ಮಣ್ಣು ಬಿಡಿಸಿ, ಒಂದೊಂದು ಬೇರನ್ನೂ ಅಳತೆಗೆ ತಕ್ಕಂತೆ ಕಾಗದದ ಮೇಲೆ ಇಳಿಸಿದರು. 1919ರಿಂದಲೇ ಅಂಥ ಚಿತ್ರಗಳು ಪ್ರಕಟವಾಗಿವೆ. ವಿಜ್ಞಾನಕ್ಕೆಂದು ಬರೆದವು ನಿಜ, ಆದರೆ ಆ ಗೆರೆಗಳನ್ನು ನೋಡಿದರೆ ಬರೆದ ಕೈಯಲ್ಲಿ ಎಷ್ಟು ತಾಳ್ಮೆ, ಎಷ್ಟು ಪ್ರೀತಿ ಇತ್ತು ಅನ್ನುವುದು ಗೊತ್ತಾಗುತ್ತದೆ.

1995ರಲ್ಲಿ ಹೈಡಿ ನ್ಯಾಚುರಾ ಎಂಬ ಭೂದೃಶ್ಯ ವಿನ್ಯಾಸಕಿ ಇಲಿನಾಯ್‌ನಲ್ಲಿ ಇನ್ನೊಂದು ಚಿತ್ರ ಬರೆದರು. ನೀವೆಲ್ಲ ಎಲ್ಲಾದರೂ ನೋಡಿಯೇ ಇರುತ್ತೀರಿ. ಸಾಲಾಗಿ ಪ್ರೇರಿ ಗಿಡಗಳು, ಕೆಳಗೆ ಅವುಗಳ ಬೇರು, ಪಕ್ಕದಲ್ಲಿ ಅಡಿಗಳ ಅಳತೆ. ಕಂಪಾಸ್ ಪ್ಲಾಂಟಿನ ಬೇರು ಹದಿನೈದು ಅಡಿ ಇಳಿದಿದೆ. ಎಡತುದಿಯಲ್ಲಿ ಮನೆ ಮುಂದಿನ ಲಾನ್‌ಗೆ ಹಾಕುವ ಕೆಂಟಕಿ ಬ್ಲೂಗ್ರಾಸ್ ಇದೆ, ಅದರ ಬೇರು ಕೆಲವೇ ಇಂಚು. ಆ ಒಂದು ಹಾಳೆಯನ್ನು ಎಷ್ಟು ನಗರಸಭೆಗಳು, ಶಾಲೆಗಳು, ನರ್ಸರಿಗಳು ಬಳಸಿಕೊಂಡಿವೆ! ಮಳೆ ನೀರು ಇಂಗಬೇಕಾದರೆ, ಮಣ್ಣು ಕೊಚ್ಚಿ ಹೋಗಬಾರದಾದರೆ ಯಾವ ಗಿಡ ಬೇಕು ಎಂದು ಪುಟಗಟ್ಟಲೆ ಬರೆದರೂ ಓದದವರಿಗೆ ಅದು ಒಂದೇ ನೋಟಕ್ಕೆ ತಿಳಿಸುತ್ತದೆ. ಕ್ಯಾನ್ಸಸ್‌ನ ಜಿಮ್ ರಿಚರ್ಡ್‌ಸನ್ ಪ್ರೇರಿ ಗಿಡಗಳ ಬೇರುಗಳನ್ನೇ ಆಳೆತ್ತರಕ್ಕೂ ಮೀರಿದ ಫೋಟೋಗಳಾಗಿ ಮಾಡಿದ್ದಾರೆ. ಮನುಷ್ಯ ಅದರ ಪಕ್ಕ ನಿಂತರೆ ಚಿಕ್ಕವನಾಗಿ ಕಾಣುತ್ತಾನೆ.

ಸುಣ್ಣಕಲ್ಲು ಅಣ್ಣ, ಕಲ್ಲು ಉಳಿಸಿದ್ದು ಹೌದು. ಆದರೆ ಕಲ್ಲಿಲ್ಲದ ಕಡೆ ಪ್ರೇರಿ ಮತ್ತೆ ಬೆಳೆಸಲು ಜನ ತಮ್ಮ ಅಂಗಳದ ಲಾನ್ ಕಿತ್ತು ಹಾಕುತ್ತಿದ್ದಾರಲ್ಲ, ಅದರ ಹಿಂದೆ ಈ ಬೇರಿನ ಚಿತ್ರ ಇದೆ.

ದೀವಟಿಗೆ (ಮಿನಿಯಾಪೊಲಿಸ್)

ಜಾರ್ಜ್ ಕ್ಯಾಟ್ಲಿನ್ ಹೆಸರು ಯಾರೂ ಹೇಳಲಿಲ್ಲ. 1832ರಲ್ಲಿ ಯೆಲ್ಲೋ ಸ್ಟೋನ್ ಎಂಬ ಹಬೆದೋಣಿಯಲ್ಲಿ ಮಿಸೌರಿ ನದಿಯ ಮೇಲ್ಭಾಗಕ್ಕೆ ಹೋದ ಚಿತ್ರಕಾರ. ಪ್ರೇರಿಗೆ ಬೆಂಕಿ ಬಿದ್ದುದನ್ನು ಅವನು ಬರೆದ ಚಿತ್ರ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಈ ಬಯಲು, ಬೈಸನ್ (ಅಮೆರಿಕದ ಕಾಡುಕೋಣ), ಇಲ್ಲಿನ ಜನ ಎಲ್ಲ ಸೇರಿ ಒಂದು ‘ದೇಶದ ಉದ್ಯಾನ’ ಆಗಬೇಕೆಂದು ಅವನೇ ಮೊದಲು ಬರೆದ, ಯೆಲ್ಲೋಸ್ಟೋನ್ ಉದ್ಯಾನಕ್ಕೆ ಎಷ್ಟೋ ವರ್ಷ ಮುಂಚೆ.

ಆದರೆ ಅವನ ಕನಸಿನಲ್ಲಿ ನನಗೆ ಒಂದು ತಕರಾರಿದೆ. ಮೂಲನಿವಾಸಿಗಳನ್ನು ಆ ಉದ್ಯಾನದೊಳಗೆ, ಜಗತ್ತು ಬಂದು ನೋಡುವಂತೆ, ಇದ್ದ ಹಾಗೇ ಇಡಬೇಕೆಂದು ಅವನ ಆಸೆ. ಅವರು ಏನು ಬಯಸುತ್ತಾರೆಂದು ಕೇಳುವ ಯೋಚನೆ ಅದರಲ್ಲಿಲ್ಲ. ಆಮೇಲೆ ಬಂದ ಉದ್ಯಾನಗಳು ಇನ್ನೂ ಮುಂದೆ ಹೋಗಿ ಆ ಜನರನ್ನು ಅಲ್ಲಿಂದ ಹೊರಗೇ ಹಾಕಿದವು. ಪ್ರೇರಿಯನ್ನು ಮನುಷ್ಯರಿಲ್ಲದ ಚಿತ್ರವಾಗಿ ಬರೆದ ಕಲಾವಿದರೂ ಇದರಲ್ಲಿ ಪಾಲುದಾರರು. ಈ ಹುಲ್ಲಿಗೆ ಸಾವಿರಾರು ವರ್ಷ ಬೆಂಕಿ ಇಟ್ಟು ಮರಗಳು ನುಗ್ಗದಂತೆ ಕಾಪಾಡಿದವರು ಆ ಮೂಲನಿವಾಸಿಗಳೇ. ಬೆಂಕಿ ನಿಂತಲ್ಲಿ ಕೆಲವೇ ದಶಕದಲ್ಲಿ ಪೊದೆ, ಮರ ತುಂಬಿಕೊಳ್ಳುತ್ತದೆ.

ಇತ್ತೀಚಿನ ಚಿತ್ರಕಾರರಲ್ಲಿ ಜಾರ್ಜಿಯಾ ರಾಜ್ಯದ ಫಿಲಿಪ್ ಜೂರಸ್ ಈ ವಿಷಯವನ್ನು ಚೆನ್ನಾಗಿ ಅರಿತವರು. ಇಲಿನಾಯ್ ಪ್ರೇರಿಗಳನ್ನು ಕುರಿತ ಅವರ ಚಿತ್ರಗಳ ಪ್ರದರ್ಶನ 2021ರಲ್ಲಿ ಶಿಕಾಗೋ ಬೊಟಾನಿಕ್ ಗಾರ್ಡನ್ನಿನಲ್ಲಿ ನಡೆಯಿತು. ನಿಯಂತ್ರಿತ ಬೆಂಕಿ ಹಾಕುವ ತಂಡಗಳ ಜತೆ ಸ್ವತಃ ಕೆಲಸ ಮಾಡಿ, ಆ ಹೊಗೆ, ಆ ಕಾವು ಕಂಡು ಬರೆದವರು. ಅವರ ಚಿತ್ರದಲ್ಲಿ ಬೆಂಕಿ ಪ್ರೇರಿಯ ಬದುಕಿನ ಒಂದು ಋತುವಾಗಿ ಕಾಣುತ್ತದೆ.

ಚಿಗರಿ (ರಾಣೆಬೆನ್ನೂರು)

ನಮಸ್ಕಾರ್ರೀ ಎಲ್ಲಾರ್ಗೂ. ನೀವು ಬರದದ್ದೆಲ್ಲಾ ಓದೀನ್ರಿ. ನಮ್ಮೂರಿನ ಕೃಷ್ಣಮೃಗ ಅಭಯಾರಣ್ಯ ನಿಮಗ ಗೊತ್ತಿರಬೇಕು, 1974ರಾಗ ಆದದ್ದು, 119 ಚದರ ಕಿಲೋಮೀಟರ್. ಅಲ್ಲಿ ಬಯಲು ಹುಲ್ಲಿನ ನೆಲದಾಗ ಎಷ್ಟೋ ಕಡೆ ನೀಲಗಿರಿ ಹಚ್ಚಿಬಿಟ್ರು. ಖಾಲಿ ಬಿದ್ದೈತಿ, ಗಿಡ ಹಚ್ಚಿದ್ರ ಕಾಡಾಗತೈತಿ ಅನ್ನೋ ಲೆಕ್ಕ. ಚಿಗರಿಗೆ ಬೇಕಾದ್ದು ಬಯಲುರೀ. ದೂರದಿಂದ ತೋಳ ಬರೂದು ಕಾಣಬೇಕು, ಓಡಾಕ ಜಾಗ ಇರಬೇಕು.

ನಂದೊಂದು ಪ್ರಶ್ನೆ. ಅಮೆರಿಕದಾಗೂ ಹಿಂಗ ಹುಲ್ಲಿನ ಮ್ಯಾಲ ಗಿಡ ಹಚ್ಚೋದು ನಡದಿತ್ತೇನ್ರಿ?

ಬೇರುಮಟ್ಟ (ಲಿಂಕನ್, ನೆಬ್ರಾಸ್ಕ)

ಚಿಗರಿ ಅಣ್ಣಾವ್ರೇ, ನಡೆದಿತ್ತು, ಅದೂ ನಮ್ಮ ನೆಬ್ರಾಸ್ಕದಲ್ಲೇ. ಮರ ನೆಡುವ ದಿನ ‘ಆರ್ಬರ್ ಡೇ’ ಹುಟ್ಟಿದ್ದು ಇಲ್ಲಿ, 1872ರಲ್ಲಿ, ಜೆ. ಸ್ಟರ್ಲಿಂಗ್ ಮಾರ್ಟನ್ ಎಂಬವರಿಂದ. ಯೆಲ್ಲೋಸ್ಟೋನ್ ಉದ್ಯಾನವಾದ ವರ್ಷವೇ! ಮರುವರ್ಷ ಮರ ಬೆಳೆಸುವವರಿಗೆ ಜಮೀನು ಕೊಡುವ ಕಾನೂನು ಬಂತು. 20ನೇ ಶತಮಾನದ ಆರಂಭದಲ್ಲಿ ಸ್ಯಾಂಡ್‌ಹಿಲ್ಸ್‌ನ ಹುಲ್ಲಿನ ದಿಬ್ಬಗಳ ಮೇಲೆ ಕೈಯಿಂದ ನೆಟ್ಟು ಒಂದು ಇಡೀ ರಾಷ್ಟ್ರೀಯ ಅರಣ್ಯವನ್ನೇ ಮಾಡಿದರು. ಈವತ್ತು ಇಲ್ಲಿನ ಪ್ರೇರಿಗೆ ದೊಡ್ಡ ತಲೆನೋವು ರೆಡ್ ಸೀಡರ್ ಮರ. ನೆಡುತೋಪುಗಳಿಂದ ಅದರ ಬೀಜವನ್ನು ಹಕ್ಕಿಗಳು ಹುಲ್ಲಿನೊಳಗೆ ತಂದು ಹಾಕುತ್ತವೆ.

ಅದೇ ಮಾರ್ಟನ್ ಅವರ ಮಗ ಜಾಯ್ ಮಾರ್ಟನ್ 1922ರಲ್ಲಿ ಶಿಕಾಗೋ ಹತ್ತಿರ ಮಾರ್ಟನ್ ಅರ್ಬೊರೇಟಂ ಎಂಬ ಮರಗಳ ತೋಟ ಕಟ್ಟಿದರು. ಆ ತೋಟದೊಳಗೇ 1962ರಲ್ಲಿ ರೇ ಶೂಲೆನ್‌ಬರ್ಗ್ ಪ್ರೇರಿಯನ್ನು ಮತ್ತೆ ಬೆಳೆಸಲು ಶುರು ಮಾಡಿದರು. ಅಲ್ಲೇ ಜನರಿಗೆ ನಿಸರ್ಗ ಪಾಠ ಹೇಳುತ್ತಿದ್ದ ಮೇ ವಾಟ್ಸ್ ಒಳ್ಳೆಯ ಚಿತ್ರಗಾರ್ತಿ, ಕವಯಿತ್ರಿ. ಗಿಡವನ್ನು ಬರೆದು ತೋರಿಸಿ ಕಲಿಸುತ್ತಿದ್ದವರು. 1963ರಲ್ಲಿ ಅವರು ಶಿಕಾಗೋ ಟ್ರಿಬ್ಯೂನ್ ಪತ್ರಿಕೆಗೆ ಬರೆದ ಒಂದು ಪತ್ರದಿಂದಲೇ, ಪಾಳುಬಿದ್ದ ರೈಲು ದಾರಿಯೊಂದು ‘ಇಲಿನಾಯ್ ಪ್ರೇರಿ ಪಾತ್’ ಎಂಬ ನಡೆದಾಡುವ ದಾರಿಯಾಯಿತು.

ಕಣಜೀವಿ (ಬಟೇವಿಯಾ, ಇಲಿನಾಯ್)

ನಾನು ಭೌತಶಾಸ್ತ್ರದವನು, ಆದ್ದರಿಂದ ಫರ್ಮಿಲ್ಯಾಬ್ ಕಥೆ ಹೇಳಲೇಬೇಕು. ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಬರುವ ಎಷ್ಟೋ ಕನ್ನಡಿಗರು ಇದರ ಪಕ್ಕದಲ್ಲೇ ಓಡಾಡುತ್ತಾರೆ.

ಪರಮಾಣುವಿಗಿಂತ ಚಿಕ್ಕ ಕಣಗಳನ್ನು ವೇಗವಾಗಿ ಓಡಿಸಿ ಅಧ್ಯಯನ ಮಾಡುವ ಈ ಪ್ರಯೋಗಾಲಯದ ಜಾಗ 6,800 ಎಕರೆ. ಮೊದಲ ನಿರ್ದೇಶಕ ರಾಬರ್ಟ್ ವಿಲ್ಸನ್ ಭೌತವಿಜ್ಞಾನಿ ಮಾತ್ರವಲ್ಲ, ಶಿಲ್ಪಿ. ಪ್ರವೇಶದ್ವಾರದ ಎತ್ತರದ ಕಮಾನು ‘ಬ್ರೋಕನ್ ಸಿಮೆಟ್ರಿ’ ಅವರದೇ ಕೃತಿ. 1969ರಲ್ಲಿ ಇಲ್ಲಿಗೆ ಬೈಸನ್ ತರಿಸಿದವರು ಅವರು. ಸಸ್ಯತಜ್ಞ ರಾಬರ್ಟ್ ಬೆಟ್ಜ್ ಬಂದು, ವೇಗವರ್ಧಕದ ದೊಡ್ಡ ವರ್ತುಲದ ಒಳಗಿನ ಜಾಗದಲ್ಲಿ ಪ್ರೇರಿ ಬೆಳೆಸೋಣ, ಆದರೆ ದಶಕಗಳೇ ಬೇಕಾಗಬಹುದು ಎಂದು ಹೇಳಿದಾಗ, ಹಾಗಿದ್ದರೆ ಇವತ್ತು ಮಧ್ಯಾಹ್ನವೇ ಶುರು ಮಾಡೋಣ ಎಂಬರ್ಥದ ಉತ್ತರ ಕೊಟ್ಟರು ಎಂದು ಇಲ್ಲಿ ಎಲ್ಲರೂ ನೆನೆಯುತ್ತಾರೆ. 1975ರಲ್ಲಿ ಮೊದಲ ಬಿತ್ತನೆಯಾಯಿತು. ಬೀಜ ಬಂದದ್ದು ಎಲ್ಲಿಂದ ಗೊತ್ತೇ? ಹುಲ್ಲುಹಾದಿಯವರು ಹೇಳಿದ ಅದೇ ಸ್ಮಶಾನ, ರೈಲು ಹಳಿಯ ಅಂಚುಗಳಿಂದ, ಸ್ವಯಂಸೇವಕರು ಕೈಯಿಂದ ಆಯ್ದು ತಂದರು. ಈಗ ಸುಮಾರು ಸಾವಿರ ಎಕರೆ ಪ್ರೇರಿ ಇದೆ. ಬಿಗ್ ಬ್ಲೂಸ್ಟೆಮ್ ಹುಲ್ಲು ಸೆಪ್ಟೆಂಬರಿನಲ್ಲಿ ನಮ್ಮ ತಲೆ ಮೀರಿ ನಿಲ್ಲುತ್ತದೆ.

ಇಲ್ಲಿ ಕಲಾವಿದ ಚಿತ್ರ ಬರೆದು ಜನರ ಮನಸ್ಸು ಕರಗಿಸಲಿಲ್ಲ. ಅಧಿಕಾರದ ಕುರ್ಚಿಯಲ್ಲಿ ಕೂತಿದ್ದವನಿಗೆ ಕಲಾವಿದನ ಕಣ್ಣಿತ್ತು. ಅಷ್ಟೇ ಸಾಕಾಯಿತು.

ಜೇನುಗೂಡು (ರಾಕ್‌ಫರ್ಡ್, ಇಲಿನಾಯ್)

ನೀವೆಲ್ಲ ಗೆದ್ದ ಕಥೆ ಹೇಳುತ್ತಿದ್ದೀರಿ. ನಮ್ಮೂರಿನದೂ ಹೇಳಬೇಕು, ನೋವಿದೆ. ರಾಕ್‌ಫರ್ಡ್ ವಿಮಾನ ನಿಲ್ದಾಣದ ಜಾಗದಲ್ಲಿ ಬೆಲ್ ಬೌಲ್ ಪ್ರೇರಿ ಇತ್ತು. ನೇಗಿಲು ಕಾಣದ ಜಲ್ಲಿಕಲ್ಲಿನ ಒಣ ಪ್ರೇರಿ, ಇಲಿನಾಯ್‌ನಲ್ಲಿ ತೀರ ಅಪರೂಪದ್ದು. 2021ರಲ್ಲಿ ಸರಕು ಸಾಗಣೆಯ ವಿಸ್ತರಣೆಗೆ ಅದನ್ನು ಅಗೆಯುವ ಕೆಲಸ ಶುರುವಾಗುವ ಹೊತ್ತಿಗೆ ಅಲ್ಲಿ ರಸ್ಟಿ ಪ್ಯಾಚ್ಡ್ ಬಂಬಲ್ ಬೀ ಸಿಕ್ಕಿತು, ಅಳಿವಿನಂಚಿನ ದುಂಬಿ. ಕೆಲಸ ನಿಂತಿತು. ಚಿತ್ರ ಬರೆದರು, ಹಾಡು ಕಟ್ಟಿದರು, ಕವನ ಓದಿದರು, ನ್ಯಾಯಾಲಯಕ್ಕೂ ಹೋದರು. 2023ರ ಮಾರ್ಚ್‌ನಲ್ಲಿ ಬುಲ್ಡೋಜರ್ ಬಂದೇ ಬಂತು.

ಕಲೆಯಿಂದ ಮನಸ್ಸು ಬದಲಾಗುತ್ತದೆ, ಸರಿ. ಆದರೆ ನೆಲ ಯಾರ ಹೆಸರಿನಲ್ಲಿದೆಯೋ ಅವರ ಮನಸ್ಸು ಬದಲಾಗದಿದ್ದರೆ ಸಾವಿರ ಚಿತ್ರವೂ ಒಂದೇ, ಒಂದು ಚಿತ್ರವೂ ಒಂದೇ.

ಸುಣ್ಣಕಲ್ಲು (ಮ್ಯಾನ್ಹಾಟನ್, ಕ್ಯಾನ್ಸಸ್)

ಜೇನುಗೂಡು ಅವರೇ, ಓದಿ ಬಹಳ ಬೇಸರವಾಯಿತು. ಸ್ಮಶಾನದ ಹುಲ್ಲಿಗೆ ಫರ್ಮಿಲ್ಯಾಬ್‌ನಲ್ಲಿ ಮರಿ ಬಂದ ಹಾಗೆ ಬೆಲ್ ಬೌಲ್‌ನದಕ್ಕೆ ಬರಲಾರದು. ಜಲ್ಲಿ ನೆಲದ ಆ ಜೋಡಣೆಯನ್ನು ಮತ್ತೆ ಕಟ್ಟಲು ಯಾರಿಗೂ ಗೊತ್ತಿಲ್ಲ.

ಹುಲ್ಲುಹಾದಿ (ನೇಪರ್‌ವಿಲ್, ಇಲಿನಾಯ್)

ಜೇನುಗೂಡು ಅವರ ಮಾತು ನನ್ನ ವಾದವನ್ನು ಅಲುಗಿಸಿದೆ. ನೆಲ ಕೊಳ್ಳುವ ದುಡ್ಡು, ಕಾನೂನು ಎರಡೂ ಇಲ್ಲದೆ ಕಲೆ ಬರಿಗೈ. ಆದರೆ ಕಲೆಯೇ ದುಡ್ಡಾದ ಒಂದು ದೊಡ್ಡ ಉದಾಹರಣೆ ಇದೆ, ಅದನ್ನು ಇಡುತ್ತೇನೆ.

ಅಯೋವಾದ ಡಿಂಗ್ ಡಾರ್ಲಿಂಗ್ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದವರು, 1924 ಮತ್ತು 1943ರಲ್ಲಿ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಪಡೆದವರು. ಬರಗಾಲದ 1934ರಲ್ಲಿ ವನ್ಯಜೀವಿ ಇಲಾಖೆಯ ಮುಖ್ಯಸ್ಥರಾಗಿ, ಮೊದಲ ‘ಡಕ್ ಸ್ಟ್ಯಾಂಪ್’ಗೆ, ಅಂದರೆ ಬಾತು ಬೇಟೆಗೆ ಬೇಕಾದ ಅಂಚೆಚೀಟಿಯಂಥ ಸರ್ಕಾರಿ ಚೀಟಿಗೆ, ತಾವೇ ಚಿತ್ರ ಬರೆದರು. ನೀರಿಗಿಳಿಯುತ್ತಿರುವ ಎರಡು ಮಲ್ಲಾರ್ಡ್ ಬಾತುಗಳು. ಬೆಲೆ ಒಂದು ಡಾಲರ್. ಈಗ 25 ಡಾಲರ್. 16 ದಾಟಿದ ಬಾತು ಬೇಟೆಗಾರರೆಲ್ಲ ಕೊಳ್ಳಲೇಬೇಕು, ಬೇಟೆಯಾಡದವರೂ ಪ್ರೀತಿಯಿಂದ ಕೊಳ್ಳುತ್ತಾರೆ. ಒಂದು ಡಾಲರಿನಲ್ಲಿ 98 ಸೆಂಟ್ ಆವಾಸಸ್ಥಾನ ಉಳಿಸಲು ಹೋಗುತ್ತದೆ. 1949ರಿಂದ ಚಿತ್ರಕ್ಕೆ ಮುಕ್ತ ಸ್ಪರ್ಧೆ. 1958ರಲ್ಲಿ ಕಾನೂನು ತಿದ್ದಿ, ಈ ದುಡ್ಡಿನಲ್ಲಿ ಡಕೋಟ, ಮಿನೆಸೋಟ ಕಡೆಯ ಪ್ರೇರಿಯ ಸಣ್ಣ ಹೊಂಡಗಳನ್ನು, ಸುತ್ತಲಿನ ಹುಲ್ಲಿನ ಸಮೇತ, ಕೊಳ್ಳಲು ಅವಕಾಶ ಮಾಡಿದರು. ಇಲ್ಲಿಯವರೆಗೆ ದೇಶದಾದ್ಯಂತ ಉಳಿಸಿದ ನೆಲ 60 ಲಕ್ಷ ಎಕರೆಗೂ ಹೆಚ್ಚು.

ಟೆರಿ ಎವನ್ಸ್ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಎರಡನೇ ಮಹಾಯುದ್ಧದಲ್ಲಿ ಟಿಎನ್‌ಟಿ ತಯಾರಿಸಿದ ಜೋಲಿಯೆಟ್ ಮದ್ದುಗುಂಡು ಕಾರ್ಖಾನೆಯ ಜಾಗ 1996ರ ಕಾನೂನಿನಿಂದ ಮಿಡೇವಿನ್ ರಾಷ್ಟ್ರೀಯ ಪ್ರೇರಿಯಾಯಿತು. ಅಲ್ಲಿ ಮದ್ದುಗುಂಡು ಇಡುತ್ತಿದ್ದ, ಹುಲ್ಲು ಹೊದ್ದ ಬಂಕರುಗಳನ್ನು ಅವರು ಆ ಹೊತ್ತಿನಲ್ಲೇ ಫೋಟೋ ತೆಗೆದರು. ಅಲ್ಲಿ ಈಗ ಬೈಸನ್ ಮೇಯುತ್ತಿವೆ, 2015ರಿಂದ.

ಕೆರೆಯಂಗಳ (ಬೆಂಗಳೂರು)

ಹೆಸರಘಟ್ಟದ ಹುಲ್ಲುಗಾವಲಿನದೂ ಇದೇ ಹಾದಿ. ಅಲ್ಲಿನ ಹಕ್ಕಿಗಳ ಫೋಟೋ ತೆಗೆಯುತ್ತಿದ್ದವರೇ ವರ್ಷಗಟ್ಟಲೆ ಅರ್ಜಿ, ನ್ಯಾಯಾಲಯ ಅಂತ ಓಡಾಡಿದರು. 2021ರ ಜನವರಿಯಲ್ಲಿ ಅದನ್ನು ಸಂರಕ್ಷಿತ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ ಕೈಬಿಟ್ಟಿತ್ತು. 2024ರ ಅಕ್ಟೋಬರಿನಲ್ಲಿ ಅದೇ ಮಂಡಳಿ 5,678 ಎಕರೆಯನ್ನು ಸಂರಕ್ಷಿತ ಮೀಸಲು ಮಾಡಲು ಒಪ್ಪಿತು. ಜೇನುಗೂಡು ಅವರೇ, ಅದಕ್ಕೇ ಹೇಳುವುದು, ಒಮ್ಮೆ ಬೇಡ ಅಂದವರ ಬಾಯಲ್ಲೇ ಹೂಂ ಅನ್ನಿಸಬಹುದು. ಆದರೆ ಅಲ್ಲಿಯವರೆಗೆ ನೆಲ ಉಳಿದಿರಬೇಕು. ನಿಮ್ಮಲ್ಲಿ ಆ ಸಮಯ ಸಿಗಲಿಲ್ಲ.

ಮಲ್ಲಿಗೆಮೊಗ್ಗು (ಅರೋರಾ, ಇಲಿನಾಯ್)

ಎಲ್ಲರ ಮಾತೂ ಓದಿದೆ. ನನ್ನ ಮಗಳು ಏಳನೇ ಕ್ಲಾಸು, ಚಿತ್ರ ಚೆನ್ನಾಗಿ ಬರೆಯುತ್ತಾಳೆ. ಆ ಡಕ್ ಸ್ಟ್ಯಾಂಪ್ ಸ್ಪರ್ಧೆಗೆ ಮಕ್ಕಳೂ ಸೇರಬಹುದಾ? ಅವಳಿಗೆ ಪ್ರೇರಿ ಎಲ್ಲಿ ತೋರಿಸಲಿ?

ಹುಲ್ಲುಹಾದಿ (ನೇಪರ್‌ವಿಲ್, ಇಲಿನಾಯ್)

ಮಲ್ಲಿಗೆಮೊಗ್ಗು ಅವರೇ, ಮಕ್ಕಳಿಗೆಂದೇ ಜೂನಿಯರ್ ಡಕ್ ಸ್ಟ್ಯಾಂಪ್ ಇದೆ, ಕಿಂಡರ್‌ಗಾರ್ಟನ್‌ನಿಂದ 12ನೇ ತರಗತಿವರೆಗೆ. ಮೊದಲು ರಾಜ್ಯಮಟ್ಟ, ಆಮೇಲೆ ರಾಷ್ಟ್ರಮಟ್ಟ. ಹಾಳೆ 9 ಇಂಚು, 12 ಇಂಚು, ಅಡ್ಡಡ್ಡ. ಉತ್ತರ ಅಮೆರಿಕದ್ದೇ ಬಾತು, ಹೆಬ್ಬಾತು ಅಥವಾ ಹಂಸ ಇರಬೇಕು. ಬೇರೆಯವರ ಫೋಟೋ ನಕಲು ಮಾಡಬಾರದು. ಬ್ಲೂ-ವಿಂಗ್ಡ್ ಟೀಲ್ ಬರೆಯಲಿ ಅಂತ ನನ್ನ ಸಲಹೆ. ಅದು ಗೂಡು ಕಟ್ಟುವುದು ನೀರಿನ ಪಕ್ಕದ ಪ್ರೇರಿ ಹುಲ್ಲಿನೊಳಗೆ, ಹಾಗಾಗಿ ಹಿನ್ನೆಲೆಯ ಹುಲ್ಲನ್ನೂ ಅವಳು ಕಲಿತಂತಾಗುತ್ತದೆ.

ನಿಮಗೆ ಹತ್ತಿರ ಫರ್ಮಿಲ್ಯಾಬ್. ಕಣಜೀವಿ ಅವರೇ, ಶರತ್ಕಾಲದ ಬೀಜ ಆಯುವ ದಿನ ಗೊತ್ತಾದರೆ ಇಲ್ಲಿ ಹಾಕುತ್ತೀರಾ?

ಕಣಜೀವಿ (ಬಟೇವಿಯಾ, ಇಲಿನಾಯ್)

ಖಂಡಿತ ಹಾಕುತ್ತೇನೆ. ದೊಡ್ಡವರು ಗುರುತಿನ ಚೀಟಿ ತರಲೇಬೇಕು, ಗೇಟಿನಲ್ಲಿ ಕೇಳುತ್ತಾರೆ. ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ಗಟ್ಟಿ ಬೂಟು ಹಾಕಿಕೊಂಡು ಬನ್ನಿ, ರಕ್ತ ಹೀರುವ ಉಣ್ಣೆಹುಳ ಹತ್ತುತ್ತದೆ. ಮಗಳು ಸ್ಕೆಚ್‌ಬುಕ್ ತರಲಿ, ಬೈಸನ್ ಬೇಲಿಯ ಹತ್ತಿರ ಕೂತು ಬರೆಯಲು ಒಳ್ಳೆಯ ಜಾಗವಿದೆ.